ಲವೋನಳಿಗೊಂದು ನೀಲಿ ರಿಬ್ಬನ್

ವರ್ಲಿನ್ ಶ್ರೇಡರ್ ಕೊನೆಯ ಹೊಲಿಗೆ ಹಾಕಿ, ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದು, ಅಬ್ಬಾ ಮುಗಿಯಿತು ಎಂದು ಕುರ್ಚಿಯಿಂದ ಎದ್ದು ನಿಂತ. ಕೌದಿಯೂ ಅವನ ಜೊತೆಗೇ ಎದ್ದು ನಿಂತಿತು.

ತೊಡೆಯ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದವನು ಕೌದಿಯ ಅಂಚನ್ನು ತನ್ನ ಪ್ಯಾಂಟಿಗೇ ಸೇರಿಸಿ ಹೊಲಿದುಬಿಟ್ಟಿದ್ದ. ಗಂಟೆ ಒಂಬತ್ತಾಗಿತ್ತು. ಕೌಂಟಿ ಮೇಳದ ಸ್ಪರ್ಧೆಗೆ ಕೌದಿಗಳನ್ನು ಒಪ್ಪಿಸಲು ಹನ್ನೆರಡರವರೆಗೆ ಮಾತ್ರ ಸಮಯ.

ಕೌದಿ ಅವನ ಹೆಂಡತಿ ಲವೋನಳದು. ಮಾರ್ಚ್ ತಿಂಗಳಲ್ಲಿ ಅವಳು ತೀರಿಕೊಂಡಳು. ಇಪ್ಪತ್ತಾರು ವರ್ಷ ಮೇಳಕ್ಕೆ ಕೌದಿ ಕಳಿಸಿದ್ದಳು. ಇಪ್ಪತ್ತಾರು ವರ್ಷವೂ ಎರಡನೇ ಬಹುಮಾನದ ಕೆಂಪು ರಿಬ್ಬನ್ನೇ. ಮೊದಲನೆಯದಾದ ನೀಲಿ ರಿಬ್ಬನ್ ಪ್ರತಿ ಸಲವೂ ಡಾರ್ಕಸ್ ಪ್ರೂಯಿಟ್‌ಳ ಪಾಲು. ಚರ್ಚಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಹಾಡುವ ಗೆಳತಿಯರು ಇಬ್ಬರೂ, ಆದರೆ ಮೇಳದ ತಿಂಗಳು ಆಗಸ್ಟ್ ಬಂತೆಂದರೆ ಮಾತು ಬಂದ್. "ಈ ಸಲದ್ದು ನೋಡಿ ಡಾರ್ಕಸ್ ಮೂರ್ಛೆ ಬೀಳ್ಬೇಕು" ಎನ್ನುತ್ತ ಲವೋನ್ ಎರಡು ಚಳಿಗಾಲ ಕೂತು ಕೈಯಲ್ಲೇ ಹೊಲಿದ ಕೌದಿ ಇದು. ಸುತ್ತಲಿನ ಅಂಚುಪಟ್ಟಿಯೊಂದು ಬಾಕಿ ಇತ್ತು. ಆಸ್ಪತ್ರೆಯ ಮಂಚದ ಮೇಲೆ ಗಂಡನ ಕೈಗೊಂದು ಕರವಸ್ತ್ರ ಕೊಟ್ಟು ಹೊಲಿಗೆ ಕಲಿಸಿ, "ನೀನೇ ಮುಗಿಸು. ಬೇರೆ ಯಾರ ಕೈಗೂ ಕೊಡ್ಬೇಡ. ಓಪಲ್‌ಗಂತೂ ಕೊಡ್ಲೇಬೇಡ" ಎಂದಿದ್ದಳು.

ವರ್ಲಿನ್ ಹೀಗೆ ಕೌದಿಗೆ ಸಿಕ್ಕಿಕೊಂಡು ನಿಂತಿರುವಾಗಲೇ ಪಕ್ಕದ ಮನೆಯ ಓಪಲ್ ಬಾಗಿಲು ತಟ್ಟದೆ ಒಳಗೆ ಬಂದಳು.

"ಅಯ್ಯೋ ದೇವರೇ! ಇದೇನು ಮಹಾರಾಯ, ಮದುವೆ ಮಾಡ್ಕೊಂಡ್ಬಿಟ್ಯಾ ಕೌದಿನ?"

"ಕತ್ತರಿ ಕೊಡು ಓಪಲ್. ಕೌದಿ ಮುಟ್ಬೇಡ. ಪ್ಯಾಂಟ್ ಕತ್ತರಿಸು."

"ಒಳ್ಳೇ ಪ್ಯಾಂಟು..."

"ಕತ್ತರಿಸು ಅಂದ್ನಲ್ಲ!"

ಪ್ಯಾಂಟಿಗೆ ಕಿಟಕಿಯಿಟ್ಟಂತಾಯಿತು. ಅಂಚಿಗೆ ಅಂಟಿದ್ದ ಚೂರನ್ನು ಬಿಡಿಸಿ, ಆ ಜಾಗಕ್ಕೆ ಅವನು ಮತ್ತೆ ಹೊಲಿಗೆ ಹಾಕಿದ. ಐವತ್ತು ವರ್ಷ ಹಸುಗಳ ಕೆಚ್ಚಲು ಹಿಡಿದ ಕೈ ಅದು. ಸೂಜಿ ಆ ಬೆರಳುಗಳ ನಡುವೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹೊಲಿಗೆಗಳು ಒಂದು ಇಲ್ಲಿ, ಒಂದು ಅಲ್ಲಿ, ಕುಡಿದು ಮನೆಗೆ ಹೊರಟವನ ಹೆಜ್ಜೆಯಂತೆ ಸಾಗಿದ್ದವು.

ಓಪಲ್‌ಳಿಗೆ ನೋಡಲಾಗಲಿಲ್ಲ. "ಕೊಡಿಲ್ಲಿ, ಎಲ್ಲಾ ಬಿಚ್ಚಿ ಹೊಲ್ದುಕೊಡ್ತೀನಿ. ಎರಡು ಗಂಟೆ ಕೆಲಸ. ಯಾರಿಗೆ ಗೊತ್ತಾಗುತ್ತೆ?"

"ಅವಳಿಗೆ ಗೊತ್ತಾಗುತ್ತೆ" ಎಂದ ವರ್ಲಿನ್.

ಇಬ್ಬರೂ ಟ್ರಕ್ ಹತ್ತಿದರು. ಪ್ಯಾಂಟ್ ಬದಲಿಸಲು ಅವನಿಗೆ ನೆನಪೇ ಆಗಲಿಲ್ಲ. ದಾರಿಯಲ್ಲಿ ಅರ್ಧ ಮೈಲಿ ಹೋದ ಮೇಲೆ ನೋಡಿದರೆ, ಹಿಂದಿನ ಸೀಟಿನಲ್ಲಿ ಕೌದಿಯ ಮೇಲೆ ಅವನ ಸಾಕುನಾಯಿ ಮಹಾರಾಜನ ಹಾಗೆ ಪವಡಿಸಿತ್ತು. ನಾಯಿಯ ಕೂದಲು ಕಂಡರೆ ತೀರ್ಪುಗಾರರು ಅಂಕ ಕಳೆಯುತ್ತಾರೆ. ಜೋಳದ ಹೊಲದ ಪಕ್ಕ ಗಾಡಿ ನಿಲ್ಲಿಸಿ, ಇಬ್ಬರೂ ಅಂಟುಪಟ್ಟಿ ಹಿಡಿದು ಒಂದೊಂದೇ ಕೂದಲು ಎತ್ತಿದರು.

ಕೌದಿ ಸ್ಪರ್ಧೆ ನಡೆಯುವ ಮೇಳದ ಕೊಟ್ಟಿಗೆ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಮೇಜಿನ ಹಿಂದೆ ಇಮೋಜಿನ್ ಕೂತಿದ್ದಳು. ಕೌದಿ ವಿಭಾಗದ ಮೇಲ್ವಿಚಾರಕಿ. ಹದಿನೆಂಟು ವರ್ಷದಿಂದ ನಿಯಮಪುಸ್ತಕ ಅವಳಿಗೆ ಬೈಬಲ್ಲಿಗಿಂತ ಒಂದು ಕೈ ಮೇಲೆ.

"ವರ್ಲಿನ್, ಹೇಗೆ ಹೇಳ್ಲಿ... ಸ್ಪರ್ಧಿ ಬದುಕಿರ್ಬೇಕು ಕಣಪ್ಪ."

"ಅರ್ಜಿಗೆ ಫೆಬ್ರವರಿಯಲ್ಲೇ ಅವಳು ಸಹಿ ಹಾಕಿದಾಳೆ. ಆಗ ಬದುಕಿದ್ಲು."

ಇಮೋಜಿನ್ ಪುಸ್ತಕ ತಿರುವಿದಳು. ಸಹಿ ಹಾಕಿದ ಮೇಲೆ ಸಾಯಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಚೀಟಿಗೆ ಮುದ್ರೆ ಒತ್ತಿದಳು: ಹದಿನಾಲ್ಕನೇ ವಿಭಾಗ, ಕೈಹೊಲಿಗೆ, ದೊಡ್ಡ ಹಾಸಿಗೆಯ ಅಳತೆ.

ವರ್ಲಿನ್ ತಿರುಗಿ ನೋಡುವಷ್ಟರಲ್ಲಿ ಓಪಲ್ ಮೂಲೆಯಲ್ಲಿ ಡಾರ್ಕಸ್‌ಳ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು. ಡಾರ್ಕಸ್ ಬಂದು ಲವೋನಳ ಕೌದಿಯನ್ನು ನೋಡಿದಳು. ಅಂಚನ್ನೂ ನೋಡಿದಳು. ತನ್ನ ಕೌದಿಯನ್ನು ಎತ್ತಿಕೊಂಡು ಹೊರಗೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ಎಲ್ಲರೂ ಕೌದಿ ಹೊತ್ತು ಕಾರುಗಳತ್ತ.

ನನ್ನ ಹೊಲಿಗೆ ನೋಡಿ ನಗಲು ಹೊರಗೆ ಹೋದರು ಎಂದುಕೊಂಡ ವರ್ಲಿನ್. ಕಿವಿ ಬಿಸಿಯಾಯಿತು. ಪ್ಯಾಂಟಿನ ಕಿಟಕಿಯ ಮೇಲೆ ಟೋಪಿ ಮುಚ್ಚಿಕೊಂಡು ಹಿಂದಿನ ಬೆಂಚಿನಲ್ಲಿ ಕೂತ.

ಎರಡು ಗಂಟೆಗೆ ತೀರ್ಪು ಶುರುವಾಯಿತು. ತೀರ್ಪುಗಾರ್ತಿ ಬಹುದೂರದ ಕೌಂಟಿಯವಳು. ಇಲ್ಲಿ ಯಾರ ಪರಿಚಯವೂ ಅವಳಿಗಿಲ್ಲ. ಹೊಲಿದವರ ಹೆಸರು ಕಾಣದಂತೆ ಚೀಟಿ ಮಡಚಿ ಪಿನ್ನು ಹಾಕಿರುತ್ತಾರೆ. ಅವಳು ಬಿಳಿ ಕೈಗವಸು ತೊಟ್ಟು ಕೌದಿ ಮುಟ್ಟುತ್ತ ಎಲ್ಲರಿಗೂ ಕೇಳುವಂತೆ ಗುಣದೋಷ ಹೇಳುತ್ತಾಳೆ. ಹೊಲಿದವರು ತುಟಿ ಬಿಚ್ಚುವಂತಿಲ್ಲ.

"ಹದಿನಾಲ್ಕನೇ ವಿಭಾಗ" ಎಂದಳು ಇಮೋಜಿನ್. "ಒಂದೇ ಕೌದಿ."

ವರ್ಲಿನ್ ತಲೆಯೆತ್ತಿದ. ಕೌದಿ ಹೊತ್ತು ಹೋಗಿದ್ದ ಒಂಬತ್ತು ಹೆಂಗಸರೂ ಈಗ ಸಾಲಾಗಿ ಕೂತು ಛಾವಣಿ ನೋಡುತ್ತಿದ್ದರು. ಪಕ್ಕದಲ್ಲಿ ಬಂದು ಕೂತ ಡಾರ್ಕಸ್ ಅವನ ಮೊಣಕೈ ಹಿಡಿದಳು. "ಸುಮ್ನೆ ಕೂತ್ಕೋ. ಈ ವರ್ಷ ಲವೋನ್ ಎದುರಿಗೆ ಯಾರೂ ಇಲ್ಲ."

ಅವನಿಗೆ ಆಗ ಅರ್ಥವಾಯಿತು. ಇಂಥವರ ಬಗ್ಗೆ ಏನೆಲ್ಲ ಯೋಚಿಸಿಬಿಟ್ಟೆನಲ್ಲ ಎಂದು ತಲೆ ತಗ್ಗಿಸಿದ.

ತೀರ್ಪುಗಾರ್ತಿ ಕೌದಿಯನ್ನು ಬಹಳ ಹೊತ್ತು ನೋಡಿದಳು. "ಇಷ್ಟು ಚೆಂದದ ಕೈಹೊಲಿಗೆ ನಾನು ಈ ಇಪ್ಪತ್ತು ವರ್ಷದಲ್ಲಿ ನೋಡಿಲ್ಲ. ಬಣ್ಣ, ಜೋಡಣೆ, ಒಂದು ತಪ್ಪಿಲ್ಲ." ವರ್ಲಿನ್‌ಗೆ ಮೈಯೆಲ್ಲ ಹಗುರವಾಯಿತು. ಅವಳ ಬೆರಳು ಅಂಚಿಗೆ ಬಂದು ನಿಂತಿತು. "ಆದ್ರೆ ಈ ಅಂಚು? ಇಷ್ಟು ಗೊತ್ತಿರೋ ಕೈ ಕೊನೇಲಿ ಯಾಕೆ ಇಷ್ಟು ಅಸಡ್ಡೆ ಮಾಡ್ತು? ಬೇಜಾರಾಗುತ್ತೆ. ಇದಕ್ಕೆ ಎರಡನೇ ಬಹುಮಾನ."



"ಇರೋದೇ ಒಂದು ಕೌದಿ ಅಲ್ವಾ!" ಎಂದು ಇಮೋಜಿನ್ ಎದ್ದು ನಿಂತಳು.

"ಪುಟ ಒಂಬತ್ತು" ಎಂದಳು ತೀರ್ಪುಗಾರ್ತಿ ನಯವಾಗಿ. "ಯೋಗ್ಯತೆ ಇಲ್ಲದಿದ್ರೆ ಮೊದಲ ಬಹುಮಾನ ಕೊಡಬೇಕಾಗಿಲ್ಲ. ಒಳ್ಳೇ ನಿಯಮ. ಬರೆದೋರು ಯಾರೋ, ಬುದ್ಧಿವಂತರು."

ಬರೆದವಳು ಇಮೋಜಿನ್ನೇ. ಅವಳು ಕುಸಿದು ಕೂತಳು. ಓಪಲ್ "ನಾನು ಬೆಳಗ್ಗೆನೇ..." ಎಂದು ಶುರುಮಾಡಿ ಮಾತನ್ನು ನುಂಗಿಕೊಂಡಳು. ಕೌದಿಗೆ ಇಪ್ಪತ್ತೇಳನೇ ಕೆಂಪು ರಿಬ್ಬನ್ ಬಿತ್ತು.

ಡಾರ್ಕಸ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. "ಇಷ್ಟು ವರ್ಷ ನನ್ನ ಎದುರಿಗೆ ಸೋತ್ಲು, ಸರಿ. ಈ ಸಲ ನಾನೇ ಇರ್ಲಿಲ್ವಲ್ಲ ವರ್ಲಿನ್! ಈ ಸಲ ಯಾರಿಗೆ ಸೋತ್ಲು ಅವಳು?"

ವರ್ಲಿನ್ ಸೂಜಿ ಚುಚ್ಚಿ ಚುಚ್ಚಿ ಬಾತುಹೋದ ತನ್ನ ಬೆರಳುಗಳನ್ನು ನೋಡಿಕೊಂಡ.

"ನನಗೆ" ಎಂದ.