ಅಭಿಪ್ರಾಯದ ಸೆಲಾಮಿ

ಜಗಳ ಶುರುವಾದದ್ದು ಒಂದು ಬಟ್ಟಲು ಪಾಪ್‌ಕಾರ್ನ್‌ನಿಂದ.

ಇಸ್ತಾಂಬುಲ್‌ನ ಬೆಯೋಗ್ಲು ಗಲ್ಲಿಗಳಲ್ಲಿರುವ ಅಷ್ಟೂ ಗೇ ಬಾರ್‌ಗಳ ಬಗ್ಗೆ ಸೆಲಾಮಿಗೆ ಖಚಿತವಾದ ಅಭಿಪ್ರಾಯಗಳಿದ್ದವು. ಒಂದರಲ್ಲಿ ಬೆಳಕು ಜಾಸ್ತಿ, ತನ್ನ ಮುಖದ ಸುಕ್ಕು ಎಲ್ಲರಿಗೂ ಕಾಣುತ್ತದೆ. ಇನ್ನೊಂದರಲ್ಲಿ ಕಮ್ಮಿ, ಎದುರಿಗೆ ಕೂತವನ ಮುಖವೇ ಕಾಣುವುದಿಲ್ಲ. ಮತ್ತೊಂದರಲ್ಲಿ ಗಿರಾಕಿಗಳೆಲ್ಲ ಮೊಬೈಲಿನೊಳಗೆ ತಲೆ ಹುಗಿಸಿಕೊಂಡು ಪಕ್ಕದಲ್ಲೇ ಕೂತವನಿಗೆ ಸಂದೇಶ ಕಳಿಸುತ್ತಾರೆ. ವಯಸ್ಸು ಐವತ್ಮೂರು, ಕುರ್ತುಲುಷ್‌ನಲ್ಲಿ ಕನ್ನಡಕದ ಅಂಗಡಿ, ಮನೆಯಲ್ಲಿ ಒಬ್ಬನೇ. ಹತ್ತೊಂಬತ್ತು ವರ್ಷಗಳಿಂದ ಭಾನುವಾರ ಮಧ್ಯಾಹ್ನ ಎರಡಕ್ಕೆ ಹಿಕ್ಮೆತ್‌ನ ‘ಮಾರ್ತಿ’ ಬಾರಿನಲ್ಲಿ ಹಾಜರು. ಮಾರ್ತಿಯ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು ಅಂತಲ್ಲ. ಉಳಿದವನ್ನು ಬೈಯಲು ಅಲ್ಲಿ ಕೂತರೆ ಅನುಕೂಲ, ಅಷ್ಟೆ.

ಆ ಭಾನುವಾರ ಹಿಕ್ಮೆತ್ ಬಿಯರಿನ ಜೊತೆ ಎಂದಿನ ಹುರಿಗಡಲೆಯ ಬದಲು ಪಾಪ್‌ಕಾರ್ನ್ ಇಟ್ಟ.

“ಇದೇನಿದು?”

“ಪಾಪ್‌ಕಾರ್ನ್, ಅಣ್ಣ.”

“ಅದು ಕಾಣ್ತಾ ಇದೆ. ನಾನೇನು ಸಿನಿಮಾಕ್ಕೆ ಬಂದಿದೀನಾ? ಹುರಿಗಡಲೆ ಅಂದ್ರೆ ಒಂದು ಗಾಂಭೀರ್ಯ ಕಣೋ. ಇದು ದಿಂಬು ಹರಿದ ಹಾಗಿದೆ.”

ಹಿಕ್ಮೆತ್ ಗ್ಲಾಸು ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ. “ಸೆಲಾಮಣ್ಣ, ಹತ್ತೊಂಬತ್ತು ವರ್ಷದಲ್ಲಿ ನೀನು ಒಂದು ಸಲ, ಒಂದೇ ಒಂದು ಸಲ, ಏನಾದ್ರೂ ಚೆನ್ನಾಗಿದೆ ಅಂದಿದೀಯಾ?”

“ಚೆನ್ನಾಗಿದ್ರೆ ತಾನೆ ಅನ್ನೋದು!”

“ಹಾಗಿದ್ರೆ ಚೆನ್ನಾಗಿರೋ ಕಡೆ ಹೋಗಪ್ಪ. ಯಾರು ಬೇಡ ಅಂದ್ರು?”

ಸೆಲಾಮಿ ಎದ್ದ. ಕೋಟು ಹಾಕಿಕೊಂಡ. ಯಾರಾದರೂ ತಡೆಯಬಹುದೆಂದು ಗುಂಡಿಗಳನ್ನು ಒಂದೊಂದಾಗಿ, ನಿಧಾನವಾಗಿ ಹಾಕಿದ. ಯಾರೂ ತಡೆಯಲಿಲ್ಲ. ಕೊನೆಯ ಗುಂಡಿ ಕಿತ್ತು ಕೈಗೆ ಬಂತು.

ಮನೆಯ ಮೆಟ್ಟಿಲಲ್ಲಿ ಕೆಳಗಿನ ಮಹಡಿಯ ಪೆರಿಹಾನ್ ಚಿಕ್ಕಮ್ಮ ಸಿಕ್ಕಿದಳು. ಎಪ್ಪತ್ತು ದಾಟಿದ ವಿಧವೆ. ಆ ಕಟ್ಟಡದಲ್ಲಿ ಯಾರು ಎಷ್ಟು ಹೊತ್ತಿಗೆ ಸೀನಿದರು ಅನ್ನುವುದೂ ಅವಳಿಗೆ ಗೊತ್ತು.

“ಮೂರು ಗಂಟೆಗೇ ಬಂದ್ಯಾ? ಯಾರು ಹೋಗ್ಬಿಟ್ರು?”

“ಯಾರೂ ಹೋಗಿಲ್ಲ ಚಿಕ್ಕಮ್ಮ. ನಾನು ಬಾರ್ ಬದಲಾಯಿಸ್ತಾ ಇದೀನಿ.”

“ಅಯ್ಯೋ, ಹಾಗಾದ್ರೆ ನಾನೂ ಬರ್ತೀನಿ ಇರು. ಹೆಣ್ಣು ನೋಡೋಕೆ ಹೋಗೋವಾಗ್ಲೂ ಒಬ್ರೇ ಹೋಗ್ಬಾರ್ದು, ಬಾರ್ ನೋಡೋಕೆ ಒಬ್ಬನೇ ಹೋಗ್ತಾನಂತೆ!”

ಬೇಡ ಅನ್ನುವಷ್ಟರಲ್ಲಿ ಅವಳು ತುಟಿಗೆ ಬಣ್ಣ ಬಳಿದು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಮೊದಲನೆಯ ಬಾರಿನಲ್ಲಿ ಸಂಗೀತ ಎಷ್ಟು ಜೋರಾಗಿತ್ತೆಂದರೆ ಸೆಲಾಮಿಯ ಹಲ್ಲಿನ ಸಿಮೆಂಟು ನಡುಗಿತು. ಸ್ವಲ್ಪ ಕಡಿಮೆ ಮಾಡಿ ಅಂತ ಅವನು ಮೂರು ಸಲ ಕೂಗಿದ. “ಏನ್ ಬೇಕು ತಾತ?” ಅಂದ ಕೌಂಟರಿನವನು. ತಾತ ಅನ್ನುವ ಶಬ್ದ ಮಾತ್ರ ಅಷ್ಟು ಗದ್ದಲದಲ್ಲೂ ಸ್ಪಷ್ಟವಾಗಿ ಕೇಳಿಸಿತು. ಕೋಪದಲ್ಲಿ ತಿರುಗಿ ನೋಡಿದರೆ ಚಿಕ್ಕಮ್ಮ ನಾಲ್ಕು ಜನ ತರುಣರ ನಡುವೆ ಕೈಚೀಲ ಎತ್ತಿ ಹಿಡಿದು ಕುಣಿಯುತ್ತಿದ್ದಳು. ಎಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಸೆಲಾಮಿಗೆ ಸಾಕಾಯಿತು.

ಎರಡನೆಯದು ದಪ್ಪ ಗಡ್ಡದ ಭಾರೀ ಆಳುಗಳ ಬಾರು. ಅಲ್ಲಿ ಶಾಂತಿಯಿತ್ತು. ಆದರೆ ರಾಕಿ ಮದ್ಯಕ್ಕೆ ಮೊದಲು ಐಸು ಹಾಕಿ ಆಮೇಲೆ ನೀರು ಸುರಿದುಬಿಟ್ಟರು. “ನೀರು ಮೊದಲು, ಐಸು ಕೊನೆಗೆ! ನಿಮ್ಮಪ್ಪ ಹೇಳಿಕೊಡಲಿಲ್ವಾ?” ಎಂದು ಸೆಲಾಮಿ ತೋರಿಸಲು ಕೈ ಚಾಚಿದ. ಮೊಣಕೈ ತಗುಲಿ ಐಸಿನ ಬಕೆಟ್ಟು ಪಕ್ಕದ ಗಡ್ಡದವನ ತೊಡೆಯ ಮೇಲೆ ಬೋರಲಾಯಿತು. ಆ ಮನುಷ್ಯ ಎದ್ದು ನಿಂತ. ಎದ್ದು ನಿಲ್ಲುವುದು ಬಹಳ ಹೊತ್ತಿನವರೆಗೆ ಮುಗಿಯಲೇ ಇಲ್ಲ, ಅಷ್ಟು ಎತ್ತರ. ಆದರೆ ಅವನು ಹೊಡೆಯಲಿಲ್ಲ. ಸೆಲಾಮಿಯ ಕಾಲರ್ ಹಿಡಿದು ಹೂಕುಂಡದಂತೆ ಎತ್ತಿ ಬಾಗಿಲಾಚೆ ಇಟ್ಟ. ಹಿಂದಿನಿಂದ ಬಂದ ಚಿಕ್ಕಮ್ಮನ ಕೈಯಲ್ಲಿ ಒಂದು ಚೀಟಿಯಿತ್ತು.

“ಏನದು?”

“ಆ ಹುಡುಗನ ಫೋನ್ ನಂಬರು. ಅವನಮ್ಮನಿಗೆ ಮಂಡಿನೋವಂತೆ, ನನ್ನ ಡಾಕ್ಟರ ಹತ್ರ ಕಳಿಸ್ತೀನಿ ಅಂದೆ. ಬಂಗಾರದಂಥವ್ನು.”

ಸಂಜೆ ಆರರ ಹೊತ್ತಿಗೆ ಮೂರನೆಯ ಬಾರು ಸಿಕ್ಕಿತು. ಕೆಳಗಿಳಿದು ಹೋಗುವ ನೆಲಮಾಳಿಗೆ. ಒಳಗೆ ಕಾಲಿಡಲು ಜಾಗವಿಲ್ಲ. ಸಣ್ಣ ವೇದಿಕೆಯ ಮೇಲೆ ಯಾರೋ ವೇಷ ಕಟ್ಟಿ ನಗಿಸುತ್ತಿದ್ದ. ಹೊಟ್ಟೆಗೆ ದಿಂಬು, ಬೋಳು ತಲೆ, ಮೂಗಿನ ತುದಿಯಲ್ಲಿ ಕನ್ನಡಕ, ಸದಾ ಮೇಲೆದ್ದ ತೋರುಬೆರಳು.

“ಈ ಕುರ್ಚಿ ಎಡಕ್ಕೆ ವಾಲುತ್ತೆ!” ಅಂದ ವೇಷಧಾರಿ. ಜನ ಚಪ್ಪಾಳೆ ತಟ್ಟಿದರು. “ಬಲಕ್ಕೆ ವಾಲಿದ್ರೆ ಎಷ್ಟೋ ಮೇಲಿತ್ತು!” ಶಿಳ್ಳೆ. “ಆ ಚಂದ್ರನ್ನ ನೋಡಿ, ಯಾರು ನೇತು ಹಾಕಿದ್ದು ಅದನ್ನ? ಸೊಟ್ಟಗಿದೆ!”

ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಕಣ್ಣಲ್ಲಿ ನೀರು.

“ಇದರಲ್ಲಿ ನಗೋದೇನಿದೆ?” ಅಂದ ಸೆಲಾಮಿ ತೋರುಬೆರಳೆತ್ತಿ. “ಅತಿಯಾಯ್ತು. ಹೀಗೆ ಮಾತಾಡೋ ಮನುಷ್ಯ ಪ್ರಪಂಚದಲ್ಲಿ ಎಲ್ಲಾದ್ರೂ ಇದ್ದಾನಾ?”

ಚಿಕ್ಕಮ್ಮ ನಗುತ್ತಲೇ ಅವನ ಬೆರಳನ್ನು ಹಿಡಿದು ಅವನಿಗೇ ತೋರಿಸಿದಳು.

ವೇದಿಕೆಯ ಮೇಲಿನವನು ಅಷ್ಟರಲ್ಲಿ ಕನ್ನಡಕ ತೆಗೆದ. “ನಗ್ತೀರಿ ನೀವು. ನಾನು ಈ ಸೆಲಾಮಿ ಜೊತೆ ನಾಲ್ಕು ವರ್ಷ ಸಂಸಾರ ಮಾಡಿದೀನಿ.”

ಆ ಸ್ವರವನ್ನು ಸೆಲಾಮಿ ಗುರುತು ಹಿಡಿದ. ಮುಫಿತ್! ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಹಾ ಮಾಡಿಟ್ಟು, ಅದು ಕಡಕ್ಕಾಗಿದೆ ಅಂತ ಸೆಲಾಮಿ ಹೇಳುವುದನ್ನು ಕೇಳಿಸಿಕೊಂಡು, ಪೆಟ್ಟಿಗೆ ಎತ್ತಿಕೊಂಡು ಹೋದವನು. ಬಾಗಿಲನ್ನು ಜೋರಾಗಿ ಕೂಡ ಹಾಕಿರಲಿಲ್ಲ. ಅವತ್ತಿನಿಂದ ಸೆಲಾಮಿ ಮನೆಯಲ್ಲಿ ಚಹಾ ಕುಡಿದಿರಲಿಲ್ಲ.

“ಒಂದು ಸಲ ನಂಗೆ ಜ್ವರ ಬಂದಿತ್ತು,” ಅಂದ ಮುಫಿತ್. “ಮೂರು ರಾತ್ರಿ ಪಕ್ಕದಲ್ಲಿ ಕೂತಿದ್ದ. ಹಣೆ ಮೇಲೆ ಒದ್ದೆ ಬಟ್ಟೆ ಹಾಕ್ತಾ. ಆ ಮೂರು ರಾತ್ರಿ ಅವನಿಗೆ ಯಾವುದರ ಬಗ್ಗೆಯೂ ಅಭಿಪ್ರಾಯ ಇರಲಿಲ್ಲ.”

ಸೆಲಾಮಿ ಎತ್ತಿದ ಬೆರಳನ್ನು ಕೆಳಗಿಳಿಸಿದ. ಆದರೂ ಬಾಯಿ ಕೇಳಬೇಕಲ್ಲ?

“ಎರಡು ರಾತ್ರಿ!” ಎಂದು ಕೂಗಿಬಿಟ್ಟ. “ಮೂರನೇ ದಿನ ಸಂಜೆಗೇ ಜ್ವರ ಇಳಿದಿತ್ತು!”

ನೂರು ತಲೆಗಳು ತಿರುಗಿದವು. “ಇನ್ನೊಬ್ಬ ಸೆಲಾಮಿ!” ಎಂದು ಯಾರೋ ಅರಚಿದರು. “ವೇದಿಕೆಗೆ ಹತ್ತಿಸ್ರೋ!” ಹತ್ತಾರು ಕೈಗಳು ಅವನನ್ನು ದಾಟಿಸಿ ಮೇಲೆ ನಿಲ್ಲಿಸಿದವು. ಅಲ್ಲಿ ದಿಂಬಿನ ಹೊಟ್ಟೆಯವನೂ ನಿಜವಾದ ಹೊಟ್ಟೆಯವನೂ ಎದುರುಬದುರಾದರು. ಮುಫಿತ್‌ನ ಬಾಯಿ ಅರ್ಧ ತೆರೆದಿತ್ತು.

“ನಾನೇ ನಿಜವಾದ ಸೆಲಾಮಿ!” ಅಂದ ಇವನು ಜನರ ಕಡೆ ತಿರುಗಿ.

“ಹೋ!” ಎಂದು ಜನ ನಕ್ಕರು. “ಹಾಗಿದ್ರೆ ಬೈಯಿ ನೋಡೋಣ! ಆಟ ಹೇಗಿತ್ತು, ಅಭಿಪ್ರಾಯ ಹೇಳು!”

ಸೆಲಾಮಿ ಬೆರಳೆತ್ತಿದ. ಮುಫಿತ್‌ನನ್ನು ನೋಡಿದ. ಅವನ ಕಣ್ಣ ಸುತ್ತ ಹೊಸ ಸುಕ್ಕುಗಳು ಬಂದಿದ್ದವು. ಬೋಳು ತಲೆಗೆಂದು ಹಾಕಿದ ರಬ್ಬರ್ ಟೋಪಿ ಕಿವಿಯ ಹತ್ತಿರ ಬಿಟ್ಟುಕೊಂಡಿತ್ತು. ಹೇಳಲು ನೂರು ಇತ್ತು. ಒಂದೂ ಹೊರಡಲಿಲ್ಲ.

“ಚೆನ್ನಾಗಿತ್ತು,” ಅಂದ. “ತುಂಬಾ ಚೆನ್ನಾಗಿತ್ತು.”

ಇಡೀ ನೆಲಮಾಳಿಗೆ ಕೂಗಿತು: “ಏ, ಇಳಿಸ್ರೋ ಅವನ್ನ! ನಕಲಿ! ನಕಲಿ!” ಹತ್ತಿಸಿದ ಕೈಗಳೇ ಇಳಿಸಿದವು. ಮುಫಿತ್ ಏನೋ ಹೇಳಲು ಮುಂದೆ ಬಂದ. ಅಷ್ಟರಲ್ಲಿ ಹಾಡು ಶುರುವಾಗಿ, ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಆಚೆ ಕಡೆಗೆ ಹೊತ್ತೊಯ್ದರು.

ಸೆಲಾಮಿ ಮುಂದಿನ ಸಾಲಿನ ಒಂದು ಮೇಜಿನ ಪಕ್ಕ ಬಂದು ಬಿದ್ದಿದ್ದ. ಅಲ್ಲಿ ಬೆಳ್ಳಿ ಮೀಸೆಯ ಹಿರಿಯನೊಬ್ಬ ಕೂತಿದ್ದ. ಪ್ರತಿ ಭಾನುವಾರ ಅದೇ ಕುರ್ಚಿ ಅವನದು ಅನ್ನುವುದು ಅವನು ಕೂತ ಠೀವಿಯಲ್ಲೇ ತಿಳಿಯುತ್ತಿತ್ತು.

“ಬೇಜಾರು ಮಾಡ್ಕೋಬೇಡ ತಮ್ಮ,” ಅಂದ ಅವನು ತೋರುಬೆರಳೆತ್ತಿ. “ವೇಷ ಪರವಾಗಿಲ್ಲ. ಆದ್ರೆ ನಡಿಗೆ ಸರಿಯಿಲ್ಲ, ದನಿ ಸರಿಯಿಲ್ಲ, ಆ ಕೋಟಿಗೆ ಗುಂಡಿ ಇಲ್ಲ. ಸೆಲಾಮಿ ಎಲ್ಲಾದ್ರೂ ಚೆನ್ನಾಗಿದೆ ಅಂತಾನಾ? ಮುಫಿತ್‌ನ ನೋಡಿ ಕಲಿ. ನಾಲ್ಕು ವರ್ಷ ಆ ಮನುಷ್ಯನ ಜೊತೆ ಬಾಳಿ ಕಲಿತ ವಿದ್ಯೆ ಅದು.”

“ನಾನು ಐವತ್ಮೂರು ವರ್ಷದಿಂದ ಅವನ ಜೊತೇಲೇ ಇದೀನಿ,” ಅಂದ ಸೆಲಾಮಿ.

ಹಿರಿಯ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಮರುಕದಿಂದ ತಲೆಯಾಡಿಸಿದ.

“ಇಷ್ಟು ವರ್ಷ ಇದ್ದೂ ಇಷ್ಟೇನಾ?”