ಟ್ಯಾಂಕಿಗೆ ಎಷ್ಟು ಕ್ರೋಮಿಯಂ?

ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಕಂಡವರ ಮಾತು ಕೇಳಿ ಮೂಲೆಗೆಸೆದವರಲ್ಲಿ ನೀವೂ ಒಬ್ಬರಲ್ಲವೇ? ಹನಗೋಡಿನ ನಟರಾಜು ಮಾಡಿದ್ದೂ ಅದನ್ನೇ. ಆ ದಿನ ಹುಣಸೂರಿನಲ್ಲಿ ಅವನ ಬರಿಹೊಟ್ಟೆಯ ರಕ್ತಪರೀಕ್ಷೆ ಇತ್ತು. ಸಕ್ಕರೆ ಇಳಿಯದಿದ್ದರೆ ದಿನವೂ ಇನ್ಸುಲಿನ್ ಸೂಜಿಯೇ ಗತಿಯೆಂದು ಡಾಕ್ಟರು ಎಚ್ಚರಿಸಿದ್ದರು. ಹೊಲಕ್ಕೆ ನುಗ್ಗಿದ ಆನೆಯನ್ನು ತಮಟೆ ಬಡಿದು ಓಡಿಸಿದ್ದ ಈ ಗಂಡಸು, ಸೂಜಿಯೆಂದರೆ ಒಣಗಿಸುವ ಬ್ಯಾರನ್ನಿನ ಬಿಸಿಗೆ ಹಾಕಿದ ಹೊಗೆಸೊಪ್ಪಿನಂತೆ ಬಾಡುತ್ತಿದ್ದ.

ಆದ್ದರಿಂದಲೇ ಗೊಬ್ಬರದಂಗಡಿಯ ಶಿವಶಂಕರ್ ಸಕ್ಕರೆ ಇಳಿಸುತ್ತದೆಂದು ಮಾರಿದ ಕ್ರೋಮಿಯಂ ಡಬ್ಬಿಯನ್ನು ಅವನು ನಂಬಿದ್ದ. ಹದಿನೈದು ದಿನಗಳಿಂದ ಮಾತ್ರೆ ನಿಲ್ಲಿಸಿ, ಡಬ್ಬಿಯೊಳಗಿನ ಮೆತ್ತನೆಯ ಕೆಂಪು ಬಿಲ್ಲೆಗಳನ್ನು ದಿನಕ್ಕೆರಡರಂತೆ ಜಗಿದಿದ್ದ. ಅಂದು ಬೆಳಿಗ್ಗೆ ಧೈರ್ಯ ಸಾಲದೆ ಮತ್ತೆ ಅಂಗಡಿಗೆ ಹೋದ.

“ಪರೀಕ್ಷೆ ದಿನ ಎಷ್ಟು ತಿನ್ಲಿ?”

“ಇದು ಲಘು ಪೋಷಕಾಂಶ ಕಣಣ್ಣ. ಸೊಪ್ಪಿಗೆ ಟ್ಯಾಂಕಲ್ಲಿ ಔಸ್ದಿ ಒಡೆಯಲ್ವಾ, ಅಂಗೇ ಲೆಕ್ಕ. ಟ್ಯಾಂಕಿಗೆ ಎರಡು.”

“ನಾನೆಷ್ಟು ಟ್ಯಾಂಕು?”

ಶಿವಶಂಕರ್ ಅವನ ಹೊಟ್ಟೆಯನ್ನು ಅಳೆಯುವಂತೆ ನೋಡಿದ. “ಐದು ಅಂತ ಇಟ್ಕೋ.”

ಬಸ್ಸಿನಲ್ಲಿ ಹತ್ತನೆಯ ಬಿಲ್ಲೆ ಬಾಯಲ್ಲಿದ್ದಾಗ ಪಕ್ಕದ ಮನೆಯ ಕುಳ್ಳಮ್ಮ ಬಂದು ಕುಳಿತಳು.

“ಬರೀ ಒಟ್ಟೇಲಿ ಓಗ್ಬೇಕಲ್ವೇನ್ಲಾ?”

“ಔಸ್ದಿ ಕಣವ್ವ, ಊಟ ಅಲ್ಲ. ವಸಿ ಸೀ ಅದೆ ಅಷ್ಟೆ.”

“ಇರ್ಲೇಬೇಕು. ಮೀನಿಡಿಯಕ್ಕೆ ಗಾಳಕ್ಕೆ ಎರೆಹುಳ ಸಿಗ್ಸಲ್ವಾ? ಸಕ್ರೆ ಇಡಿಯಕ್ಕೆ ಸೀಯೇ ಬೇಕು. ಇನ್ನೆಲ್ಡು ತಿನ್ನು.”

ತಿಂದ. ಸಿಹಿಯೆಂದರೆ ಸಕ್ಕರೆಯೆಂದು ಪಾಠಶಾಲೆಯಲ್ಲಿ ಕಲಿತದ್ದನ್ನು ಬಸ್ಸಿನಲ್ಲಿ ಮರೆಯುವವರಿಗೆ ಏನೆನ್ನಬೇಕು?

ಡಾಕ್ಟರ್ ರೇಣುಕಾ ವರದಿ ನೋಡಿ ಕನ್ನಡಕ ತೆಗೆದರು. “ಮುನ್ನೂರ ನಲವತ್ತು. ಮಾತ್ರೆ ನುಂಗ್ತಿದ್ದೀರಾ?”

ನಟರಾಜು ಡಬ್ಬಿಯನ್ನು ಮುಂದಿಟ್ಟು, ಬೆಳಿಗ್ಗೆ ಹನ್ನೆರಡು ತಿಂದದ್ದನ್ನು ಹೇಳಿದ.

“ಕ್ರೋಮಿಯಂ ಇನ್ಸುಲಿನ್ನಿಗೆ ಕೈಯಾಳು ಇದ್ದ ಹಾಗೆ ಅಂತಾರೆ. ಬೇಕಾಗೋದು ಚಿಟಿಕೆಗಿಂತ ಎಷ್ಟೋ ಕಮ್ಮಿ, ಊಟದಲ್ಲೇ ಸಿಗುತ್ತೆ. ಯಜಮಾನನೇ ಏಳೋಕಾಗ್ದೆ ಮಲಗಿರೋವಾಗ ಹನ್ನೆರಡು ಆಳು ಬಂದು ಏನ್ರೀ ಮಾಡ್ತಾರೆ? ನಡೀರಿ, ಸೂಜಿ ಹಾಕಿಸ್ಕೊಳ್ಳಿ. ಮಾತ್ರೇನೂ ಬಿಡಬೇಡಿ.”

ಸೂಜಿಯ ಕೋಣೆಯಲ್ಲಿ ಒಬ್ಬ ಆಗಲೇ ಅಂಗಿ ಮೇಲೆತ್ತಿ ಕುಳಿತಿದ್ದ. ಶಿವಶಂಕರ್.

“ನೀನ್ಯಾಕ್ಲಾ ಇಲ್ಲಿ?”

“ಮೂರು ವರ್ಸದಿಂದ ಇನ್ಸುಲಿನ್ನು ಕಣಣ್ಣ.”

“ಮತ್ತೆ ನಿನ್ನ ಕ್ರೋಮಿಯಂ?”

“ನಾನ್ ಮುಟ್ಟಲ್ಲಪ್ಪ. ಅದ್ರಲ್ಲಿ ಮುಕ್ಕಾಲ್ಪಾಲು ಸಕ್ರೆ ಅದೆ. ಡಬ್ಬಿ ಇಂದ್ಗಡೆ ಬರ್ದವ್ರಲ್ಲ, ನೋಡ್ಲಿಲ್ವಾ?”

ಓದುಗರೇ, ನಟರಾಜುವಿಗಾಗಿ ಮರುಗುತ್ತ ಕಾಲ ಕಳೆಯಬೇಡಿ. ಎದ್ದು, ನಿಮ್ಮ ಮನೆಯಲ್ಲಿರುವ ಡಬ್ಬಿಯನ್ನು ಹಿಂದುಮುಂದಾಗಿ ತಿರುಗಿಸಿ, ಆ ಸಣ್ಣಕ್ಷರಗಳನ್ನು ಈಗಲೇ ಓದಿ.