ಬಸ್ಸಿನಲ್ಲಿ ಕಲಿತ ಸ್ಪ್ಯಾನಿಷ್ ಮಧ್ಯಾಹ್ನ

ಬಸ್ಸಿನಲ್ಲಿ ಕಿಟಕಿ ಸೀಟು ಸಿಗದವನು ಪಕ್ಕದವರ ಮಾತಿಗೆ ಕಿವಿಗೊಡಲೇಬೇಕು. ನಾನು ಸ್ಪ್ಯಾನಿಷ್ ಕಲಿತದ್ದು ಹಾಗೆಯೇ.

ತೊಂಬತ್ತರ ದಶಕದ ಮಾತು. ಗೋವಿಂದನಹಳ್ಳಿಯ ಶಾಲೆಗೆ ಪಾಂಡವಪುರದಿಂದ ದಿನಾ ಖಾಸಗಿ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ವಾರ ಅದೇ ಬಸ್ಸಿಗೆ ಶ್ರೀರಂಗಪಟ್ಟಣದಲ್ಲಿ ಹತ್ತಿ ಬರುತ್ತಿದ್ದವಳು ಪಿಲಾರ್ ಎಂಬ ಸ್ಪೇನಿನ ಹೆಂಗಸು. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಯ ಶಿಲ್ಪಗಳ ಚಿತ್ರ ಬರೆಯಲು ಬಂದವಳು. ಇಂಗ್ಲಿಷು ಆಕೆಗೂ ನನಗೂ ಅಷ್ಟಕ್ಕಷ್ಟೆ. ಚಿನಕುರಳಿ ದಾಟುವಾಗ ಸೂರ್ಯನನ್ನು ತೋರಿಸಿ "ಮನ್ಯಾನ" ಎಂದಳು. ಅಂದರೆ ಬೆಳಿಗ್ಗೆ. ನೆತ್ತಿ ದಾಟಿದರೆ "ತಾರ್ದೆ", ಕತ್ತಲಾದರೆ "ನೋಚೆ". ಮನ್ಯಾನ ಅಂದರೆ ನಾಳೆ ಎಂದೂ ಅರ್ಥವಂತೆ. ಎಂಥ ನಿರಾಳ ಜನ ಎಂದು ಮನೆಯಲ್ಲಿ ವ್ಯಾಖ್ಯಾನ ಮಾಡಿದೆ. "ಬೆಳಿಗ್ಗೆ ಸೌದೆ ಸೀಳ್ಕೊಡಿ ಅಂದ್ರೆ ನೀವೂ ನಾಳೆ ಅಂತ್ಲೇ ತಾನೆ ತಿಳ್ಕಳದು?" ಎಂದಳು ಹೆಂಡತಿ.

ಗುರುವಾರ ವಾಪಸು ಬರುವಾಗ ಕಂಡಕ್ಟರ್ ನಿಂಗೇಗೌಡ ನನ್ನತ್ತ ಬಗ್ಗಿದ. "ಮೇಷ್ಟ್ರೇ, ನಾಳೆ ಸಂಜೆ ನಮ್ ಬಸ್ಸು ಮದ್ವೆಗೆ ನಾಗಮಂಗಲಕ್ಕೆ ಓಯ್ತದೆ. ಮದ್ಯಾನ ಎರಡು ಗಂಟೆ ಟ್ರಿಪ್ಪೇ ಕೊನೇದು. ಆಯಮ್ಮಂಗೆ ಒಸಿ ಯೋಳ್ಬುಡಿ."

ಮರುದಿನ ರಾತ್ರಿಯೇ ಪಿಲಾರ್‌ಗೆ ಮೈಸೂರಿನಿಂದ ರೈಲು. ನಾನು ಇಡೀ ಬಸ್ಸಿಗೆ ಕೇಳುವಂತೆ, "ಬಸ್, ಮನ್ಯಾನ, ತಾರ್ದೆ!" ಎಂದೆ. ಆಕೆ ನಕ್ಕು ತಲೆಯಾಡಿಸಿದಳು. ನಿಂಗೇಗೌಡ ನನ್ನನ್ನು ಹೊಸದಾಗಿ ಕಂಡವನಂತೆ ನೋಡಿದ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಎರಡು ಗಂಟೆಗೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಬಸ್ಸು ಬಂತು, ಪಿಲಾರ್ ಬರಲಿಲ್ಲ. ಮೂರು ಸಲ ಹಾರನ್ ಹೊಡೆದು ಬಸ್ಸು ಹೊರಟೇಹೋಯಿತು. ಆಕೆಯನ್ನು ಬಿಟ್ಟು ಹತ್ತಲು ನನಗೆ ಮನಸ್ಸಾಗಲಿಲ್ಲ. ಓಡಿಹೋಗಿ ನೋಡಿದರೆ, ಗುಡಿ ಪಕ್ಕದ ಜಯಮ್ಮನವರ ಜಗಲಿಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದಾಳೆ! ಬಸ್ಸು ಹೋಯಿತೆಂದು ಕೈಸನ್ನೆ ಮಾಡಿದೆ. ಆಕೆ ಗಾಬರಿಯಾಗಿ ತನ್ನ ಪುಟ್ಟ ಇಂಗ್ಲಿಷ್ ನಿಘಂಟು ತೆರೆದು ತೋರಿಸಿದಳು. ತಾರ್ದೆ ಎಂದರೆ ಮಧ್ಯಾಹ್ನ. ಅದರ ಕೆಳಗೇ ಇನ್ನೊಂದು ಅರ್ಥ: ತಡ. ನಾಳೆ ಬಸ್ಸು ತಡವಾಗಿ ಬರುತ್ತದೆಂದು ನಾನೇ ಸಾರಿದ್ದೆ.

"ಯಾಕ್ ಇಂಗ್ ಬೆವರ್ತೀರಿ ಮೇಷ್ಟ್ರೇ? ನಾಕ್ ಗಂಟ್ಗೆ ಆಲಿನ್ ವ್ಯಾನು ಬತ್ತದೆ. ಕೆ.ಆರ್. ಪೇಟೆಗಂಟ ಓದ್ರೆ ಮೈಸೂರ್ ಬಸ್ಸು ಬೇಕಾದಂಗವೆ," ಎಂದರು ಜಯಮ್ಮ. ಆಮೇಲೆ ಪಿಲಾರ್ ಕಡೆ ತಿರುಗಿ ನಾಲ್ಕು ಬೆರಳೆತ್ತಿ, ಸೂರ್ಯ ಇಷ್ಟು ಇಳಿದಾಗ ಎಂದು ಕೈಯಲ್ಲಿ ತೋರಿಸಿ, ಸ್ಟೇರಿಂಗ್ ತಿರುಗಿಸಿ "ಪೋಂ ಪೋಂ" ಎಂದರು. ಪಿಲಾರ್‌ಗೆ ಎಲ್ಲವೂ ಅರ್ಥವಾಯಿತು. ಆಕೆ ಇನ್ನಷ್ಟು ಸಾರು ಹಾಕಿಸಿಕೊಂಡಳು. ನಾಲ್ಕಕ್ಕೆ ವ್ಯಾನು ಬಂತು. ಮುಂದೆ ಇದ್ದ ಒಂದು ಸೀಟು ಆಕೆಗೆ. ನಾನು ಹಿಂದೆ ಹಾಲಿನ ಕ್ಯಾನುಗಳ ಮಧ್ಯೆ.

ಕೆಲವು ವಾರ ಕಳೆದು ಜಯಮ್ಮನವರ ಹೆಸರಿಗೆ ಕಾಗದ ಬಂತು. ಪೂರ್ತಿ ಸ್ಪ್ಯಾನಿಷ್. ಓದಿ ಹೇಳಲು ಊರಿನಲ್ಲಿ ನನ್ನ ಬಿಟ್ಟರೆ ಇನ್ಯಾರಿದ್ದರು? ಜಗಲಿ ತುಂಬ ಜನ. "ಸುಖವಾಗಿ ರೈಲು ಹತ್ತಿದಳಂತೆ, ನಿಮ್ಮ ಮುದ್ದೆ ಬಹಳ ಹಿಡಿಸಿತಂತೆ" ಎಂದು ಶುರುಮಾಡಿದವನು ಎರಡು ಪುಟವನ್ನೂ ಒಂದೇ ಓಟದಲ್ಲಿ ಓದಿ ಮುಗಿಸಿದೆ. ಜಯಮ್ಮ ಕಾಗದ ಇಸಿದುಕೊಂಡು ಹಿಂದೆ ತಿರುಗಿಸಿದರು. ಅಲ್ಲೊಂದು ಚಿತ್ರವಿತ್ತು: ಹಾಲಿನ ಕ್ಯಾನೊಂದನ್ನು ತಬ್ಬಿಕೊಂಡು, ಕನ್ನಡಕ ಓರೆಯಾಗಿ, ಮುದುರಿ ಕೂತ ನಾನು.

"ಇದ್ನೂ ಒಸಿ ಓದಿ ಮೇಷ್ಟ್ರೇ," ಎಂದರು.